ಕೊಟ್ಟ ತಪ್ಪಿಗೆ ತಗೊಂಡವನಿಗೆ ನೋಟಿಸ್

ಸಂಬಳ ಕಡಿಮೆ ಬಂದಿದೆ ಅಂತ ಅಕೌಂಟ್ಸ್ ವಿಭಾಗಕ್ಕೆ ಹೋಗಿ ನೋಡಿ. ಮೊದಲು ಒಂದು ಮೇಲ್ ಹಾಕಿ ಅನ್ನುತ್ತಾರೆ. ಹಾಕಿದರೆ ಟಿಕೆಟ್ ನಂಬರ್ ಬರುತ್ತದೆ. ನಂಬರ್ ಹಿಡಿದು ಹೋದರೆ ಈ ತಿಂಗಳ ಪೇರೋಲ್ ಕ್ಲೋಸ್ ಆಗಿದೆ, ಮುಂದಿನ ತಿಂಗಳು ನೋಡೋಣ ಅನ್ನುತ್ತಾರೆ. ಮುಂದಿನ ತಿಂಗಳು ಆ ಸೀಟಿನವರು ರಜೆ. ಅದೇ ಸಂಬಳ ಜಾಸ್ತಿ ಹೋಗಿರಲಿ, ರಜೆಯಲ್ಲಿದ್ದವರು ರಜೆಯಿಂದಲೇ ಫೋನ್ ಮಾಡುತ್ತಾರೆ. ಟಿಕೆಟ್ಟೂ ಬೇಡ, ನಂಬರೂ ಬೇಡ. ಕ್ಲೋಸ್ ಆಗಿದ್ದ ಪೇರೋಲ್ ತಾನಾಗಿಯೇ ಬಾಯಿ ತೆರೆದುಕೊಳ್ಳುತ್ತದೆ.

ಹಿಂದೆಯೇ ಪತ್ರ ಬರುತ್ತದೆ. ಒಕ್ಕಣೆ ಎಲ್ಲ ಕಡೆಯೂ ಹೆಚ್ಚುಕಡಿಮೆ ಒಂದೇ. ‘ತಮಗೆ ಕಳೆದ ಇಪ್ಪತ್ತೆರಡು ತಿಂಗಳುಗಳಿಂದ ಹೆಚ್ಚುವರಿ ವೇತನ ಪಾವತಿಯಾಗಿರುವುದು ಪರಿಶೀಲನೆಯ ವೇಳೆ ಕಂಡುಬಂದಿರುತ್ತದೆ. ಸದರಿ ಮೊತ್ತವನ್ನು ಏಳು ದಿನಗಳ ಒಳಗೆ ಮರುಪಾವತಿಸತಕ್ಕದ್ದು.’ ಇದರಲ್ಲಿ ಹಣ ಕೊಟ್ಟವರು ಯಾರು ಅಂತ ಹುಡುಕಬೇಡಿ, ಸಿಗಲ್ಲ. ಹಣ ತಾನೇ ಎದ್ದು, ಚಪ್ಪಲಿ ಮೆಟ್ಟಿಕೊಂಡು, ನಡೆದು ಬಂದು ನಿಮ್ಮ ಖಾತೆಯಲ್ಲಿ ಕೂತಿದೆ. ಕಂಪನಿಗೆ ಅದನ್ನು ಕಂಡುಹಿಡಿಯಲು ಇಪ್ಪತ್ತೆರಡು ತಿಂಗಳು. ನಿಮಗೆ ತೀರಿಸಲು ಏಳು ದಿನ. ಅದರಲ್ಲಿ ಒಂದು ಭಾನುವಾರ.

‘ತಮ್ಮ ಗಮನಕ್ಕೆ ಬಂದಿರಬೇಕಿತ್ತು’ ಅಂತಲೂ ಒಂದು ಸಾಲು ಸೇರಿಸುತ್ತಾರೆ. ಸಂಬಳದ ಚೀಟಿಯನ್ನು ಒಮ್ಮೆ ನೆಟ್ಟಗೆ ನೋಡಿದವರು ಈ ಸಾಲು ಬರೆಯಲಾರರು. ಎಡಗಡೆ ಬೇಸಿಕ್, ಆ ಭತ್ಯೆ, ಈ ಭತ್ಯೆ, ಕೊನೆಗೆ ‘ಇತರೆ’. ಬಲಗಡೆ ತೆರಿಗೆ, ಪಿಎಫ್, ವಿಮೆ, ಅಲ್ಲೂ ಕೊನೆಗೆ ಒಂದು ‘ಇತರೆ’. ಆ ‘ಇತರೆ’ ಏನು ಅಂತ ಕೇಳಿದರೆ ಚೀಟಿ ತಯಾರಿಸಿದವರೇ ತಲೆ ಕೆರೆದುಕೊಳ್ಳುತ್ತಾರೆ. ಒಂದು ತಿಂಗಳು ಸ್ವಲ್ಪ ಮೇಲೆ, ಇನ್ನೊಂದು ತಿಂಗಳು ಸ್ವಲ್ಪ ಕೆಳಗೆ. ಜಾಸ್ತಿ ಬಂದಾಗ ಜನ ಹಳೇ ಅರಿಯರ್ಸ್ ಇರಬಹುದು ಅಂದುಕೊಳ್ಳುತ್ತಾರೆ. ಪಾಪ, ಕಂಪನಿಯ ಮೇಲೆ ಅಷ್ಟು ನಂಬಿಕೆ. ಆ ನಂಬಿಕೆಗೇ ಈಗ ನೋಟಿಸ್.

ಹಣ ವಾಪಸ್ ಕೊಡಬೇಕಾ? ಕೊಡಬೇಕು, ನಮ್ಮದಲ್ಲದ್ದು ನಮ್ಮದಲ್ಲ. ಅದರಲ್ಲಿ ತಕರಾರಿಲ್ಲ. ಆದರೆ ಎಷ್ಟು ಕೊಡಬೇಕು ಅನ್ನುವುದರಲ್ಲೇ ಸ್ವಾರಸ್ಯ ಇರೋದು. ಕೆನಡಾ ಸರ್ಕಾರ 2016ರಲ್ಲಿ ತನ್ನ ನೌಕರರ ಸಂಬಳಕ್ಕೆ ‘ಫೀನಿಕ್ಸ್’ ಎಂಬ ಹೊಸ ವ್ಯವಸ್ಥೆ ತಂದಿತು. ವರ್ಷಕ್ಕೆ 7 ಕೋಟಿ ಡಾಲರ್ ಉಳಿತಾಯ ಅಂತ ಲೆಕ್ಕ ಹಾಕಿದ್ದರು. ಸಂಬಳದ ಕೆಲಸ ಬಲ್ಲ ಹಳಬರ ಹುದ್ದೆಗಳನ್ನು ಮುಂಚೆಯೇ ಕತ್ತರಿಸಿ ಹಾಕಿದ್ದರು. ಬೂದಿಯಿಂದ ಎದ್ದು ಬರುವ ಹಕ್ಕಿಯ ಹೆಸರಿಟ್ಟವರು ಯಾರೋ, ಮೊದಲು ಬೂದಿ ಆಗಬೇಕು ಅನ್ನೋದು ಅವರಿಗೆ ಗೊತ್ತಿತ್ತು ಅಂತ ಕಾಣುತ್ತದೆ. ಲಕ್ಷಾಂತರ ನೌಕರರ ಸಂಬಳ ಎಕ್ಕುಟ್ಟಿಹೋಯಿತು. ಕೆಲವರಿಗೆ ಕಡಿಮೆ, ಕೆಲವರಿಗೆ ಜಾಸ್ತಿ, ಕೆಲವರಿಗೆ ಏನೂ ಇಲ್ಲ. ಅಲ್ಲಿನ ಮಹಾ ಲೆಕ್ಕಪರಿಶೋಧಕರು 2018ರಲ್ಲಿ, ಇದು ಅರ್ಥಕ್ಕೇ ಸಿಗದ ವೈಫಲ್ಯ ಅಂತ ಬರೆದರು.

ಜಾಸ್ತಿ ಬಂದವರ ಪಾಡು ಕೇಳಿ. ಅದೇ ವರ್ಷ ತಪ್ಪು ಸರಿಹೋದರೆ ಆಯಿತು. ವರ್ಷ ದಾಟಿತೋ, ಕೈಗೆ ಬಂದಷ್ಟು ಕೊಟ್ಟರೆ ಸಾಲದು. ತೆರಿಗೆ, ಪಿಂಚಣಿ ವಂತಿಗೆ ಅಂತ ಮೂಲದಲ್ಲೇ ಕಡಿತವಾದ ಹಣವನ್ನೂ ಸೇರಿಸಿ ಪೂರ್ತಿ ಮೊತ್ತ ಕೊಡಬೇಕಿತ್ತು. ಅಂದರೆ ಸರ್ಕಾರ ಒಂದು ಕೈಯಲ್ಲಿ ಕೊಟ್ಟಿತು, ಇನ್ನೊಂದು ಕೈಯಲ್ಲಿ ಅದರಲ್ಲೇ ಸ್ವಲ್ಪ ಕಿತ್ತುಕೊಂಡಿತು, ಆಮೇಲೆ ತಾನು ಕಿತ್ತುಕೊಂಡದ್ದನ್ನೂ ನೌಕರನೇ ವಾಪಸ್ ಕೊಡಲಿ ಅಂದಿತು. ಆ ತೆರಿಗೆ ಬೇಕಿದ್ದರೆ ರಿಟರ್ನ್ ಸಲ್ಲಿಸಿ ಪಡೆದುಕೊಳ್ಳಿ, ಸಾವಧಾನವಾಗಿ. ಈ ನಿಯಮ ಸರಿಯಿಲ್ಲ ಅಂತ ಹೊಳೆದು ಕೈಗೆ ಬಂದಷ್ಟೇ ಕೊಟ್ಟರೆ ಸಾಕು ಅಂತ ಬದಲಾಯಿಸಲು ಹೊರಟಾಗ 2019 ಬಂದಿತ್ತು.

ಅಮೆರಿಕದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ. ಇರಾಕ್, ಆಫ್ಘಾನಿಸ್ತಾನ ಯುದ್ಧಗಳ ಕಾಲದಲ್ಲಿ ಕ್ಯಾಲಿಫೋರ್ನಿಯಾ ನ್ಯಾಷನಲ್ ಗಾರ್ಡ್‌ನವರು ಸೈನಿಕರಿಗೆ ಸೇವೆ ಮುಂದುವರಿಸಿ ಅಂತ ಬೋನಸ್ ಕೊಟ್ಟರು. ಎಷ್ಟೋ ಜನ ಯುದ್ಧಕ್ಕೆ ಹೋಗಿ ಬಂದರು. ಸುಮಾರು ಹತ್ತು ವರ್ಷ ಆದ ಮೇಲೆ, ನಿಮಗೆ ಅರ್ಹತೆ ಇರಲಿಲ್ಲ, ಹಣ ವಾಪಸ್ ಕೊಡಿ ಅಂತ ಸಾವಿರಾರು ಜನರಿಗೆ ಹೇಳಿದರು. ಯುದ್ಧವನ್ನು ಹೇಗೆ ವಾಪಸ್ ಕೊಡೋದು ಅಂತ ಮಾತ್ರ ಯಾರೂ ಹೇಳಲಿಲ್ಲ. 2016ರಲ್ಲಿ ಸುದ್ದಿಯಾಗಿ ಗಲಾಟೆ ಎದ್ದ ಮೇಲೆ ವಸೂಲಿ ನಿಂತಿತು.

ದೊಡ್ಡವರ ಕೈಗೆ ಹಣ ತಪ್ಪಿ ಹೋದರೆ ಏನಾಗುತ್ತದೆ? 2020ರ ಆಗಸ್ಟ್‌ನಲ್ಲಿ ಸಿಟಿಬ್ಯಾಂಕ್, ರೆವ್ಲಾನ್ ಕಂಪನಿಗೆ ಸಾಲ ಕೊಟ್ಟವರಿಗೆ ಸುಮಾರು 78 ಲಕ್ಷ ಡಾಲರ್ ಬಡ್ಡಿ ಕಳಿಸಲು ಹೋಗಿ 90 ಕೋಟಿ ಡಾಲರಿನಷ್ಟು ಕಳಿಸಿಬಿಟ್ಟಿತು. ಪರದೆಯ ಮೇಲೆ ಟಿಕ್ ಹಾಕಬೇಕಾದ ಎರಡು ಚೌಕಗಳು ಖಾಲಿ ಉಳಿದಿದ್ದವು, ಅಷ್ಟೇ. ಮೂವರು ನೋಡಿ ಸರಿ ಅಂದಿದ್ದರು. ಕೆಲವರು ವಾಪಸ್ ಕೊಟ್ಟರು. ಸುಮಾರು 50 ಕೋಟಿ ಡಾಲರ್ ಹಿಡಿದುಕೊಂಡ ಫಂಡ್ ಮ್ಯಾನೇಜರುಗಳು ಕೊಡಲ್ಲ ಹೋಗಿ ಅಂದರು. ಇಷ್ಟು ದೊಡ್ಡ ಬ್ಯಾಂಕ್ ಇಂಥ ತಪ್ಪು ಮಾಡುತ್ತದೆ ಅಂತ ಅವರು ಊಹಿಸಲು ಸಾಧ್ಯವೇ ಅಂತ 2021ರಲ್ಲಿ ನ್ಯಾಯಾಧೀಶರೂ ಅವರ ಕಡೆಗೇ ತೀರ್ಪು ಕೊಟ್ಟರು. ಮುಂದಿನ ವರ್ಷ ಮೇಲಿನ ಕೋರ್ಟ್ ಅದನ್ನು ತಳ್ಳಿಹಾಕಿತು, ಅದು ಬೇರೆ ಮಾತು. ನೂರಾರು ಕೋಟಿ ಬಂದಾಗ ಫಂಡ್ ಮ್ಯಾನೇಜರುಗಳಿಗೆ ಗೊತ್ತಾಗದಿರುವುದು ಸಹಜ. ಮೂರು ಸಾವಿರ ಜಾಸ್ತಿ ಬಂದದ್ದು ಗುಮಾಸ್ತನಿಗೆ ಗೊತ್ತಾಗದಿದ್ದರೆ ಮಾತ್ರ ಅದು ದುರುದ್ದೇಶ!

ನಮ್ಮ ಸುಪ್ರೀಂ ಕೋರ್ಟ್ 2014ರ ಡಿಸೆಂಬರಿನಲ್ಲಿ, ರಫೀಕ್ ಮಸೀಹ್ ಪ್ರಕರಣದಲ್ಲಿ, ಈ ಆಟಕ್ಕೆ ಒಂದಿಷ್ಟು ಗೆರೆ ಎಳೆಯಿತು. ಸರ್ಕಾರದ ತಪ್ಪಿನಿಂದ ಜಾಸ್ತಿ ಹಣ ಹೋಗಿದ್ದರೆ ಸಿ ಮತ್ತು ಡಿ ದರ್ಜೆ ನೌಕರರಿಂದ ವಸೂಲಿ ಬೇಡ, ನಿವೃತ್ತರಾದವರಿಂದ ಅಥವಾ ವರ್ಷದೊಳಗೆ ಆಗಲಿರುವವರಿಂದ ಬೇಡ, ಐದು ವರ್ಷ ಮೀರಿ ಕೊಟ್ಟದ್ದಾದರೆ ಬೇಡ ಅಂತ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದು ಇನ್ನು ನಿಂತಿತು ಅಂತ ಜನ ಉಸಿರು ಬಿಟ್ಟರು. 2016ರಲ್ಲಿ ಇನ್ನೊಂದು ತೀರ್ಪು ಬಂತು. ಜಾಸ್ತಿ ಬಂದರೆ ವಾಪಸ್ ಕೊಡುತ್ತೇನೆ ಅಂತ ಮೊದಲೇ ಮುಚ್ಚಳಿಕೆ ಬರೆದುಕೊಟ್ಟಿದ್ದ ಅಧಿಕಾರಿಗೆ, ನಿವೃತ್ತಿಯ ನೆಪದಲ್ಲಿ ಈ ರಕ್ಷಣೆ ಸಿಗುವುದಿಲ್ಲ ಅಂತ.

ಆಡಳಿತ ಓದುವುದು ಇಂಥದ್ದನ್ನು ಮಾತ್ರ. ಲೆಕ್ಕ ಸರಿಯಾಗಿ ಮಾಡುವುದಕ್ಕಿಂತ ಸಹಿ ಹಾಕಿಸಿಕೊಳ್ಳುವುದು ಸುಲಭ ಅಲ್ವಾ? ವೇತನ ನಿಗದಿಯ ಫೈಲಿನಲ್ಲಿ, ‘ಮುಂದೆ ತಪ್ಪು ಕಂಡುಬಂದಲ್ಲಿ ಮರುಪಾವತಿಸಲು ಬದ್ಧನಾಗಿರುತ್ತೇನೆ’ ಅಂತ ಒಂದು ಹಾಳೆ. ತಪ್ಪು ಮಾಡುವವರು ಒಬ್ಬರು, ಅದಕ್ಕೆ ಮುಂಗಡ ಸಹಿ ಹಾಕುವವರು ಇನ್ನೊಬ್ಬರು.

ನನ್ನದೊಂದು ಸಣ್ಣ ಬೇಡಿಕೆ. ಅದೇ ಫೈಲಿನಲ್ಲಿ ಇನ್ನೊಂದು ಹಾಳೆಯೂ ಇರಲಿ. ಸಂಬಳ ಕಡಿಮೆ ಬಂದರೆ ನೌಕರ ಏಳು ದಿನದ ನೋಟಿಸ್ ಕೊಟ್ಟು, ಆಡಳಿತದ ಖಾತೆಯಿಂದ ತಾನೇ ಕಡಿತ ಮಾಡಿಕೊಳ್ಳಬಹುದು, ಕಡಿತವಾದ ತೆರಿಗೆಯನ್ನೂ ಸೇರಿಸಿ. ಕೆಳಗೆ ಅಕೌಂಟ್ಸ್ ಮುಖ್ಯಸ್ಥರ ಸಹಿ.

ಉತ್ತರ ಏನು ಬರುತ್ತದೆ ಅಂತ ಗೊತ್ತು. ಅದಕ್ಕೆ ಸಿಸ್ಟಮ್‌ನಲ್ಲಿ ಆಪ್ಷನ್ ಇಲ್ಲವಂತೆ. ಒಂದು ಮೇಲ್ ಹಾಕಬೇಕಂತೆ.