ಜೆಫ್ ಮಲಗಿದ್ದಾಗ ಕ್ಯಾಮೆರಾ ಎದ್ದಿತ್ತು

ಹಿಚ್‌ಕಾಕ್ ನಿರ್ದೇಶನದ 'ರಿಯರ್ ವಿಂಡೋ' (1954) ಚಿತ್ರದ ಬಗೆಗಿನ ನಿಮ್ಮ ಲೇಖನದಲ್ಲಿ, ಕ್ಯಾಮೆರಾ ಕೊನೇವರೆಗೂ ನಾಯಕನ ಕಣ್ಣಾಗಿಯೇ ಇರುತ್ತೆ, ಟೆನ್ಷನ್ ಹುಟ್ಟೋದೇ ಅದರಿಂದ ಅಂತ ಬರೆದಿದ್ದೀರಿ. ಒಪ್ಪೋದು ಕಷ್ಟ ಸಾರ್. ಕ್ಯಾಮೆರಾ ಹೆಚ್ಚುಕಮ್ಮಿ ನಾಯಕ ಜೆಫ್‌ನ ಮನೆ ಬಿಟ್ಟು ಕದಲಲ್ಲ, ನಿಜ. ಆದರೆ ಕಾಲು ಮುರಿದುಕೊಂಡ ಜೆಫ್ ಗಾಲಿಕುರ್ಚಿಯಲ್ಲೇ ನಿದ್ದೆ ಹೋಗಿರುವಾಗ, ಎದುರುಮನೆಯ ಥೋರ್ವಾಲ್ಡ್ ಕಪ್ಪು ಬಟ್ಟೆಯ ಹೆಂಗಸೊಬ್ಬಳ ಜೊತೆ ಹೊರಗೆ ಹೋಗೋದನ್ನ ಹಿಚ್‌ಕಾಕ್ ನಮಗೆ ಮಾತ್ರ ತೋರಿಸಿಬಿಡ್ತಾನೆ. ಅಲ್ಲಿಂದಾಚೆ, ಥೋರ್ವಾಲ್ಡ್ ತನ್ನ ಹೆಂಡತಿಯನ್ನ ಕೊಂದಿದ್ದಾನೆ ಅಂತ ಜೆಫ್ ಹಟ ಹಿಡಿದಷ್ಟೂ ನಮಗೆ ಒಳಗೊಳಗೇ ಅನುಮಾನ: ಹೆಂಡತಿ ಊರಿಗೆ ಹೋಗಿದ್ದರೆ? ನಾವು ಅವನ ಕಣ್ಣಿಗೆ ಅಂಟಿಕೊಂಡೇ ಇದ್ದಿದ್ದರೆ ಈ ತಳಮಳ ಇರ್ತಾನೇ ಇರಲಿಲ್ಲ.

ಇನ್ನು ಸಂಕೇತಗಳ ಮಾತು. ನೆರೆಮನೆಯವರ ನಾಯಿ ಸತ್ತ ರಾತ್ರಿ ವಠಾರಕ್ಕೆ ವಠಾರವೇ ಕಿಟಕಿಗೆ ಬಂದು ಇಣುಕುತ್ತೆ. ಥೋರ್ವಾಲ್ಡ್‌ನ ಮನೆ ಮಾತ್ರ ಕತ್ತಲು, ಒಳಗೆ ಸಿಗರೇಟಿನ ಕಿಡಿ ಕೆಂಪಗಾಗುತ್ತೆ, ಮತ್ತೆ ಮಂಕಾಗುತ್ತೆ. ಮುಖ ಕಾಣಲ್ಲ, ಮಾತಿಲ್ಲ, ಆದರೂ ಬೆನ್ನು ತಣ್ಣಗಾಗುತ್ತೆ. ಇಷ್ಟು ದೊಡ್ಡ ಲೇಖನದಲ್ಲಿ ಆ ಕಿಡಿಗೆ ಒಂದು ಸಾಲೂ ಇಲ್ಲ, ಹಿನ್ನೆಲೆ ಸಂಗೀತಕ್ಕೆ ಮಾತ್ರ ಎರಡು ಪ್ಯಾರಾ! ಈ ಚಿತ್ರದ ಬಹುಪಾಲು ಸಂಗೀತ ಅಕ್ಕಪಕ್ಕದ ಮನೆಗಳಿಂದಲೇ ಕೇಳಿಬರೋದು, ಇನ್ನೊಮ್ಮೆ ನೋಡಿ.