ಪದಕ ಕೊಡ್ತೀವಿ, ರಜೆ ಕೇಳಬೇಡಿ

ಮೇ 12 ಮುಗಿದು ಎಷ್ಟೋ ದಿನವಾಯಿತು. ಫ್ಲೆಕ್ಸ್ ಮಾತ್ರ ಇನ್ನೂ ಇಳಿದಿಲ್ಲ. ನೀವೂ ನೋಡಿರುತ್ತೀರಿ. ಬಿಳಿ ಟೋಪಿ ಹಾಕಿಕೊಂಡು ನಗುತ್ತಿರುವ ಒಬ್ಬ ಹುಡುಗಿ. ಆ ಟೋಪಿ ಎಷ್ಟೋ ವಾರ್ಡುಗಳಿಂದ ಮಾಯವಾಗಿ ಕಾಲವಾಯಿತು. ಹುಡುಗಿಯೂ ನರ್ಸ್ ಅಲ್ಲ, ಇಂಟರ್ನೆಟ್ಟಿನಿಂದ ಇಳಿಸಿಕೊಂಡ ಯಾವುದೋ ದೇಶದ ಮಾಡೆಲ್. ಆಕೆಯ ತಲೆಯ ಮೇಲೆ ಆಸ್ಪತ್ರೆಯ ಅಧ್ಯಕ್ಷರು, ನಿರ್ದೇಶಕರು, ಅವರ ಪಕ್ಕ ಶಾಸಕರು. ಎಲ್ಲರೂ ಕೈ ಮುಗಿದುಕೊಂಡಿದ್ದಾರೆ. ಕೆಳಗೆ 'ದಾದಿಯರ ದಿನದ ಹಾರ್ದಿಕ ಶುಭಾಶಯಗಳು'. ಆ ಆಸ್ಪತ್ರೆಯಲ್ಲಿ ನಿಜವಾಗಿ ಕೆಲಸ ಮಾಡುವ ಒಬ್ಬ ನರ್ಸಿನ ಮುಖವೂ ಅದರಲ್ಲಿಲ್ಲ. ಇರಲಿ ಬಿಡಿ, ಅಷ್ಟು ಜಾಗ ಎಲ್ಲಿಂದ ತರುತ್ತಾರೆ?

ಫ್ಲೆಕ್ಸ್ ಆದ ಮೇಲೆ ಸಮಾರಂಭ. ಸಮಾರಂಭ ಎಂದ ಮೇಲೆ 'ವರ್ಷದ ಅತ್ಯುತ್ತಮ ನರ್ಸ್' ಪ್ರಶಸ್ತಿ. ಸಮಯ ಬೆಳಗ್ಗೆ ಹತ್ತೂವರೆ. ನೈಟ್ ಡ್ಯೂಟಿ ಮುಗಿಸಿದವರು ಮನೆಗೆ ಹೋಗುವಂತಿಲ್ಲ, ಕುರ್ಚಿ ತುಂಬಬೇಕು. ಬೆಳಗಿನ ಪಾಳಿಯವರು ವಾರ್ಡ್ ಬಿಟ್ಟು ಬರುವಂತಿಲ್ಲ, ಇವತ್ತು ದಾದಿಯರ ದಿನ ಅಂತ ರೋಗಿಗಳಿಗೆ ಯಾರೂ ಹೇಳಿಲ್ಲ. ಮಧ್ಯಾಹ್ನದ ಪಾಳಿಯವರು ಬೇಗ ಬಂದು ಸ್ವಾಗತ ಗೀತೆ ಹಾಡಬೇಕು. ಹನ್ನೆರಡಕ್ಕೆ ಮುಖ್ಯ ಅತಿಥಿ ಬರುತ್ತಾರೆ. 'ನೀವು ನರ್ಸ್‌ಗಳಲ್ಲ, ದೇವತೆಗಳು' ಎನ್ನುತ್ತಾರೆ. ಚಪ್ಪಾಳೆ. ಗಂಡು ನರ್ಸ್‌ಗಳನ್ನು ಏನೆಂದು ಹೊಗಳಬೇಕೋ ಅವರಿಗೆ ಹೊಳೆಯುವುದಿಲ್ಲ, ಹಾಗಾಗಿ ಬಿಟ್ಟುಬಿಡುತ್ತಾರೆ.

ದೇವತೆ ಎನ್ನುವುದರಲ್ಲಿ ಒಂದು ಅನುಕೂಲವಿದೆ. ದೇವತೆಗೆ ಪಿಎಫ್ ಕಟ್ಟಬೇಕಿಲ್ಲ. ಹೆರಿಗೆ ರಜೆ ಕೊಡಬೇಕಿಲ್ಲ. ಬೆನ್ನು ನೋಯುತ್ತಿದೆ ಅಂತ ದೇವತೆ ಹೇಳಿದರೆ ಚೆನ್ನಾಗಿಯೂ ಇರುವುದಿಲ್ಲ.

ಆಮೇಲೆ ಸನ್ಮಾನ. ಮೊದಲು ಅತಿಥಿಗಳಿಗೆ, ಆಮೇಲೆ ನಿರ್ದೇಶಕರಿಗೆ, ಆಮೇಲೆ ಹಿರಿಯ ವೈದ್ಯರಿಗೆ, ಆಮೇಲೆ ಊಟದ ಪ್ರಾಯೋಜಕರಿಗೆ. ಅಷ್ಟರಲ್ಲಿ ಸಮಯದ ಅಭಾವ ಶುರುವಾಗುತ್ತದೆ. ಅತ್ಯುತ್ತಮ ನರ್ಸ್ ವೇದಿಕೆ ಹತ್ತಿ, ಶಾಲು ಹೊದ್ದು, ಫೋಟೋಗೆ ನಿಂತು, ಇಳಿದು ಹೋಗುವಷ್ಟರಲ್ಲಿ ನಿರೂಪಕರು ಊಟದ ಹಾಲ್ ಯಾವ ಕಡೆ ಎಂದು ಹೇಳಲು ಶುರು ಮಾಡಿರುತ್ತಾರೆ.

ಇದು ಚಿಲ್ಲರೆ ಮಟ್ಟದ್ದಾಯಿತು. ದೊಡ್ಡದಕ್ಕೆ ಬರೋಣ. ಕೇಂದ್ರ ಆರೋಗ್ಯ ಸಚಿವಾಲಯ 1973ರಲ್ಲಿ ಶುರು ಮಾಡಿದ ರಾಷ್ಟ್ರೀಯ ಫ್ಲಾರೆನ್ಸ್ ನೈಟಿಂಗೇಲ್ ಪ್ರಶಸ್ತಿ ಇದೆಯಲ್ಲ, ಅದು. ರಾಷ್ಟ್ರಪತಿಗಳೇ ಕೊಡುತ್ತಾರೆ. ಪದಕ, ಪ್ರಶಸ್ತಿ ಪತ್ರ, ಈಗ 1 ಲಕ್ಷ ರೂಪಾಯಿ. ಪಡೆದವರು ಅದಕ್ಕೆ ನೂರು ಪಾಲು ಅರ್ಹರು, ಅದರಲ್ಲಿ ಎರಡು ಮಾತಿಲ್ಲ. ನನ್ನ ತಕರಾರು ಕ್ಯಾಲೆಂಡರ್ ಬಗ್ಗೆ. ಆಧುನಿಕ ನರ್ಸಿಂಗ್‌ಗೆ ಬುನಾದಿ ಹಾಕಿದ ಬ್ರಿಟಿಷ್ ದಾದಿ ನೈಟಿಂಗೇಲ್ ಹುಟ್ಟಿದ್ದು 1820ರ ಮೇ 12. ದಾದಿಯರ ದಿನ ಮೇ 12. ಪ್ರಶಸ್ತಿ? 2020ರದ್ದನ್ನು ಕೊಟ್ಟಿದ್ದು 2021ರ ಸೆಪ್ಟೆಂಬರ್‌ನಲ್ಲಿ, ಅದೂ ವಿಡಿಯೋ ಪರದೆಯಲ್ಲಿ. 2021ರದ್ದು 2022ರ ನವೆಂಬರ್‌ನಲ್ಲಿ. 2022 ಮತ್ತು 2023ರದ್ದನ್ನು ಒಟ್ಟಿಗೆ ಸೇರಿಸಿ 2023ರ ಜೂನ್‌ನಲ್ಲಿ. 2024ರದ್ದು ಸೆಪ್ಟೆಂಬರ್‌ನಲ್ಲಿ. 2025ರಲ್ಲಿ ಮಾತ್ರ ಪವಾಡ ನಡೆಯಿತು, ಮೇ ತಿಂಗಳಲ್ಲೇ ಕೊಟ್ಟರು. 12ಕ್ಕಲ್ಲ, 30ಕ್ಕೆ.

ಅಂತರರಾಷ್ಟ್ರೀಯ ರೆಡ್‌ಕ್ರಾಸ್ ಸಮಿತಿಯ ಫ್ಲಾರೆನ್ಸ್ ನೈಟಿಂಗೇಲ್ ಪದಕವೂ ತಡವಾಗಿತ್ತು. 1912ರಲ್ಲಿ ಘೋಷಿಸಿ, ಮೊದಲ ಸಲ ಕೊಟ್ಟಿದ್ದು 1920ರಲ್ಲಿ. ಆದರೆ ಅವರಿಗೆ ನಡುವೆ ಒಂದು ಮಹಾಯುದ್ಧ ಅಡ್ಡ ಬಂದಿತ್ತು. ನಮ್ಮಲ್ಲಿ ಕೋವಿಡ್ ಮುಗಿದ ಮೇಲೆ ಅಡ್ಡ ಬಂದಿದ್ದು ಏನು? ಫೈಲು ಇರಬೇಕು. ಡ್ರಿಪ್ ಬದಲಿಸಲು ಐದು ನಿಮಿಷ ತಡವಾದರೆ ನರ್ಸಿಗೆ ಮೆಮೊ ಕೊಡುವ ವ್ಯವಸ್ಥೆ ಇದು. ಪದಕ ಒಂದೂವರೆ ವರ್ಷ ತಡವಾದರೆ ಮೆಮೊ ಯಾರಿಗೆ ಕೊಡುವುದು?

ಇನ್ನು ಆ ಪ್ರಶಸ್ತಿ ಪತ್ರಗಳು. ರಾಷ್ಟ್ರ, ರಾಜ್ಯ, ಜಿಲ್ಲೆ, ಯಾವ ಮಟ್ಟದ್ದಾದರೂ ಧಾಟಿ ಹೆಚ್ಚುಕಡಿಮೆ ಒಂದೇ. ಒಂದು ಸಲ ನಿಧಾನವಾಗಿ ಓದಿ ನೋಡಿ. 'ಮಳೆಗಾಲದಲ್ಲಿ ತುಂಬಿ ಹರಿಯುವ ಹಳ್ಳವನ್ನು ದಾಟಿ, ಲಸಿಕೆ ಡಬ್ಬ ಹೆಗಲಿಗೇರಿಸಿಕೊಂಡು ಹೋದರು.' ಚಪ್ಪಾಳೆ. ಹಳ್ಳಕ್ಕೆ ಸೇತುವೆ ಯಾಕಿಲ್ಲ ಅಂತ ಕೇಳಬೇಡಿ. 'ಕರೆಂಟ್ ಇಲ್ಲದಾಗ ಮೊಬೈಲ್ ಬೆಳಕಿನಲ್ಲಿ ಹೆರಿಗೆ ಮಾಡಿಸಿದರು.' ಚಪ್ಪಾಳೆ. ಜನರೇಟರ್‌ನ ಡೀಸೆಲ್ ಯಾರು ಕುಡಿದರು ಅಂತ ಕೇಳಬೇಡಿ. 'ರಾತ್ರಿ ಇಡೀ ವಾರ್ಡನ್ನು ಒಬ್ಬರೇ ನಿಭಾಯಿಸಿದರು.' ಜೋರಾಗಿ ಚಪ್ಪಾಳೆ. 'ಬಡ ರೋಗಿಗಳಿಗೆ ಸ್ವಂತ ಹಣದಲ್ಲಿ ಔಷಧಿ ತಂದುಕೊಟ್ಟರು.' ಈಗ ಎದ್ದು ನಿಂತು ಚಪ್ಪಾಳೆ.

ಇದರ ಹೆಸರು ಪ್ರಶಸ್ತಿ ಪತ್ರ. ಇದೇ ವಾಕ್ಯಗಳನ್ನು ಅದೇ ನರ್ಸ್ ಬಿಳಿ ಹಾಳೆಯ ಮೇಲೆ ಬರೆದು, 'ಸೇತುವೆ ಇಲ್ಲ, ಕರೆಂಟ್ ಇಲ್ಲ, ಸಿಬ್ಬಂದಿ ಇಲ್ಲ, ಔಷಧಿ ಇಲ್ಲ' ಎಂದು ಮೇಲಿನವರಿಗೆ ಕಳಿಸಿದ್ದರೆ ಅದರ ಹೆಸರು ದೂರು. ದೂರಿಗೆ ಸಿಗುವುದು ವರ್ಗಾವಣೆ. ಹಾಗಾಗಿ ಜಾಣತನ ಏನೆಂದರೆ, ಸುಮ್ನೆ ಹಳ್ಳ ದಾಟುತ್ತಾ ಇರುವುದು. ಕೊಚ್ಚಿಹೋಗದೆ ಉಳಿದರೆ ಯಾವತ್ತೋ ಒಂದು ದಿನ ಶಾಲು ಬರುತ್ತದೆ. ಕೊಟ್ಟವರೇ ಸೇತುವೆ ಕಟ್ಟಿಸಬೇಕಿದ್ದವರೂ ಆಗಿರುತ್ತಾರೆ ಎಂಬುದನ್ನು ಆ ಶುಭ ಗಳಿಗೆಯಲ್ಲಿ ಯಾರು ನೆನಪಿಸುತ್ತಾರೆ?

ಈ ಪತ್ರವನ್ನು ಬರೆಯುವವರು ಯಾರು ಅಂದುಕೊಂಡಿರಿ? ಬಹಳ ಪ್ರಶಸ್ತಿಗಳಿಗೆ ನರ್ಸೇ ಅರ್ಜಿ ಹಾಕಬೇಕು. ತನ್ನ ನಿಸ್ವಾರ್ಥ ಸೇವೆಯನ್ನು ತಾನೇ ನಿಗದಿತ ನಮೂನೆಯಲ್ಲಿ, ಇಷ್ಟು ಪದ ಮೀರದಂತೆ, ಫೋಟೋ ಸಮೇತ, ಮೇಲಧಿಕಾರಿಯ ಸಹಿಯೊಂದಿಗೆ ವರ್ಣಿಸಬೇಕು. ಹಳ್ಳ ದಾಟುವಾಗ ಫೋಟೋ ತೆಗೆಸಿಕೊಂಡಿಲ್ಲವಾ? ಹಾಗಾದರೆ ದಾಟಿಯೇ ಇಲ್ಲ. ಅಮೆರಿಕದಲ್ಲಿ ಡೈಸಿ ಅಂತ ಒಂದು ಪ್ರಶಸ್ತಿ ಇದೆ. ತೀರಿಹೋದ ಒಬ್ಬ ರೋಗಿಯ ಮನೆಯವರು ನರ್ಸ್‌ಗಳ ಋಣ ನೆನೆದು 1999ರಲ್ಲಿ ಶುರು ಮಾಡಿದ್ದು. ಅಲ್ಲಿ ರೋಗಿಗಳು, ಅವರ ಮನೆಯವರು ಹೆಸರು ಸೂಚಿಸುತ್ತಾರೆ. ನಮ್ಮಲ್ಲಿ ರೋಗಿಯ ಕಡೆಯವರನ್ನು ಕೇಳುವ ಅಭ್ಯಾಸ ಕಡಿಮೆ. ಅವರನ್ನು ಕೇಳುವುದು ಬಿಲ್ ಕೌಂಟರಿನಲ್ಲಿ ಮಾತ್ರ.

ಇನ್ನೊಂದು ಜಾತಿಯ ಪ್ರಶಸ್ತಿಯೂ ಇದೆ. ಫೋನ್ ಬರುತ್ತದೆ. 'ಮೇಡಂ, ನೀವು ಆಯ್ಕೆಯಾಗಿದ್ದೀರಿ.' ಯಾವುದಕ್ಕೆ? ಹೆಸರಿನಲ್ಲಿ 'ಗ್ಲೋಬಲ್' ಮತ್ತು 'ರತ್ನ' ಎರಡೂ ಇರುವ ಒಂದು ಪ್ರಶಸ್ತಿಗೆ. ನೋಂದಣಿ ಶುಲ್ಕ ಇಷ್ಟು, ಸ್ಮರಣಿಕೆಗೆ ಇಷ್ಟು, ಜೊತೆಗೆ ಗಂಡ ಮಕ್ಕಳು ಬಂದರೆ ಊಟಕ್ಕೆ ಇಷ್ಟು. ಇದನ್ನು ನಾನು ಬೈಯಲಾರೆ. ಇದು ತೀರಾ ಪಾರದರ್ಶಕ ಪ್ರಶಸ್ತಿ, ದರಪಟ್ಟಿ ಮೊದಲೇ ಕೈಗೆ ಕೊಡುತ್ತಾರೆ.

ಈ ಎಲ್ಲ ಸ್ಮರಣಿಕೆಗಳ ಮೇಲೂ ಒಂದು ದೀಪ ಇರುತ್ತದೆ. ಗಮನಿಸಿದ್ದೀರಾ? ಮೂತಿ ಉದ್ದ ಇರುವ, ಅರೇಬಿಯನ್ ಕತೆಗಳಲ್ಲಿ ಉಜ್ಜಿದರೆ ಭೂತ ಬರುವಂಥ ದೀಪ. ರಾತ್ರಿ ಹೊತ್ತು ರೋಗಿಗಳನ್ನು ನೋಡಲು ನೈಟಿಂಗೇಲ್ ಹಿಡಿದು ಓಡಾಡಿದ್ದು ಆ ದೀಪವೇ ಅಲ್ಲ. ಅದು ಟರ್ಕಿಯ ಮಡಚುವ ಲಾಟೀನು. ಚಿತ್ರ ಬಿಡಿಸಿದವರಿಗೆ ಲಾಟೀನು ಅಷ್ಟು ಚಂದ ಕಾಣಲಿಲ್ಲವೋ ಏನೋ, ದೀಪ ಬದಲಾಯಿತು. ಹೋಗಲಿ, ದೀಪ ಯಾವುದಾದರೇನು. ನನ್ನ ಹೊಟ್ಟೆನೋವು ಬೇರೆ. ಆಕೆಯ ಕೈಯಲ್ಲಿದ್ದ ಪೆನ್ನನ್ನು ಎಲ್ಲರೂ ಮರೆತುಬಿಟ್ಟರು.

ಈ ಹೆಂಗಸು ಎಂಥ ಕಿರಿಕಿರಿಯ ಹೆಂಗಸು ಅಂತ ನಮ್ಮ ಭಾಷಣಕಾರರಿಗೆ ಗೊತ್ತಿದ್ದಿದ್ದರೆ ಪ್ರಶಸ್ತಿಗೆ ಬೇರೆ ಹೆಸರು ಹುಡುಕುತ್ತಿದ್ದರು. 1854ರಲ್ಲಿ, ಕ್ರಿಮಿಯಾ ಯುದ್ಧದ ಹೊತ್ತಿಗೆ, 38 ನರ್ಸ್‌ಗಳನ್ನು ಕರೆದುಕೊಂಡು ಟರ್ಕಿಯ ಸ್ಕುಟಾರಿಯಲ್ಲಿದ್ದ ಬ್ರಿಟಿಷ್ ಸೇನಾ ಆಸ್ಪತ್ರೆಗೆ ಹೋದಳು. ಚರಂಡಿಯ ಮೇಲೆ ಕಟ್ಟಿದ ಕಟ್ಟಡ, ಕೊಳಕು, ಕಾಲರಾ, ಟೈಫಸ್. ರೋಗಿಗಳ ಹಣೆ ಸವರುತ್ತಾ ಕೂತಿದ್ದರೆ ಸಂತಳಾಗಿ ಆರಾಮಾಗಿ ಇರಬಹುದಿತ್ತು. ಆಕೆ ಹೆಣ ಎಣಿಸಿದಳು. ಎಣಿಸಿ, ಊರಿಗೆ ವಾಪಸು ಬಂದು, 1858ರಲ್ಲಿ ಬಣ್ಣಬಣ್ಣದ ನಕ್ಷೆ ಬರೆದು ಅಚ್ಚು ಹಾಕಿಸಿದಳು. ಗುಂಡು ತಗುಲಿ ಸತ್ತವರಿಗಿಂತ ತಡೆಯಬಹುದಾಗಿದ್ದ ಕಾಯಿಲೆಯಿಂದ ಸತ್ತವರೇ ಎಷ್ಟೋ ಪಾಲು ಜಾಸ್ತಿ ಅಂತ ಅಂಕಿ ಸಮೇತ ತೋರಿಸಿದಳು. ಅಂದರೆ, ನಿಮ್ಮ ಸೈನಿಕರನ್ನು ಶತ್ರು ಕೊಲ್ಲಲಿಲ್ಲ, ನೀವೇ ಕೊಂದಿರಿ ಅಂತ ಸರಕಾರಕ್ಕೆ ಮುಖದ ಮೇಲೆ ಹೇಳಿದಳು. ಬ್ರಿಟನ್ನಿನ ಅಂಕಿಅಂಶ ತಜ್ಞರ ಸಂಘವಾದ ರಾಯಲ್ ಸ್ಟ್ಯಾಟಿಸ್ಟಿಕಲ್ ಸೊಸೈಟಿಯ ಮೊದಲ ಮಹಿಳಾ ಸದಸ್ಯೆ ಆಕೆ. ಆಮೇಲೆ ನಮ್ಮ ಕಡೆ ತಿರುಗಿದಳು. ಭಾರತಕ್ಕೆ ಒಂದು ದಿನವೂ ಕಾಲಿಡದೆ, ಇಲ್ಲಿನ ದಂಡಿನ ಠಾಣೆಗಳಿಗೆಲ್ಲ ಪ್ರಶ್ನಾವಳಿ ಕಳಿಸಿ, ನೀರು ಎಲ್ಲಿಂದ ಬರುತ್ತದೆ, ಕೊಳಚೆ ಎಲ್ಲಿಗೆ ಹೋಗುತ್ತದೆ ಅಂತ ಕೇಳಿ ಕೇಳಿ ಅಧಿಕಾರಿಗಳ ಪ್ರಾಣ ತಿಂದಳು. ಮಂತ್ರಿಗಳಿಗೆ ಪತ್ರದ ಮೇಲೆ ಪತ್ರ.

ಈಗ ಇದೇ ಹೆಂಗಸು ನಮ್ಮ ಒಂದು ಜಿಲ್ಲಾಸ್ಪತ್ರೆಯಲ್ಲಿ ಗುತ್ತಿಗೆ ನರ್ಸ್ ಅಂತ ಇಟ್ಟುಕೊಳ್ಳಿ. ಐಸಿಯುನಲ್ಲಿ ಸತ್ತವರ ಲೆಕ್ಕ ಬರೆದು, ಕಾರಣ ಸಮೇತ ಪತ್ರಿಕೆಗೆ ಕೊಟ್ಟಳು ಅಂತ ಇಟ್ಟುಕೊಳ್ಳಿ. ಸಂಜೆಯೊಳಗೆ ಕಾರಣ ಕೇಳಿ ನೋಟಿಸ್. ಮಾರ್ಚ್‌ಗೆ ಗುತ್ತಿಗೆ ನವೀಕರಣ ಇಲ್ಲ. ಫ್ಲಾರೆನ್ಸ್ ನೈಟಿಂಗೇಲ್ ಪ್ರಶಸ್ತಿಗೆ ಫ್ಲಾರೆನ್ಸ್ ನೈಟಿಂಗೇಲ್ ಅರ್ಹಳಲ್ಲ, ಶಿಸ್ತಿನ ಪ್ರಮಾಣಪತ್ರ ಲಗತ್ತಿಸಿಲ್ಲ.

ಆಕೆಯ 200ನೇ ಹುಟ್ಟುಹಬ್ಬ ಅಂತ ವಿಶ್ವ ಆರೋಗ್ಯ ಸಂಸ್ಥೆ 2020ನ್ನು ದಾದಿಯರ ಮತ್ತು ಸೂಲಗಿತ್ತಿಯರ ವರ್ಷ ಎಂದು ಘೋಷಿಸಿತ್ತು. ಎಂಥ ವರ್ಷ ಆರಿಸಿಕೊಂಡರು ನೋಡಿ. ಜಗತ್ತಿನಲ್ಲಿ 59 ಲಕ್ಷ ನರ್ಸ್‌ಗಳ ಕೊರತೆ ಇದೆ ಅಂತ ಅದೇ ಸಂಸ್ಥೆ ಆ ಏಪ್ರಿಲ್‌ನಲ್ಲಿ ವರದಿ ಕೊಟ್ಟಿತು. ನಾವು ಮಾರ್ಚ್ 22ಕ್ಕೆ ತಟ್ಟೆ ಬಡಿದಿದ್ದೆವು. ಮೇ 3ಕ್ಕೆ ಹೆಲಿಕಾಪ್ಟರ್‌ನಿಂದ ಆಸ್ಪತ್ರೆಗಳ ಮೇಲೆ ಹೂವಿನ ಪಕಳೆ ಸುರಿಸಿದೆವು. ಈ ಎರಡರ ನಡುವೆ ಏನಾಯಿತು ನೆನಪಿದೆಯಾ? ನರ್ಸ್‌ಗಳಿಗೆ ಬಾಡಿಗೆ ಮನೆ ಖಾಲಿ ಮಾಡಿ ಅಂದರು. ತಟ್ಟೆ ಬಡಿದ ಕೈಗಳೇ ಗೇಟಿಗೆ ಬೀಗ ಹಾಕಿದವು. ಆರೋಗ್ಯ ಸಿಬ್ಬಂದಿಗೆ ಹೊಡೆಯಬೇಡಿ ಅಂತ ಹೇಳಲು ಏಪ್ರಿಲ್ 22ರಂದು ಸುಗ್ರೀವಾಜ್ಞೆ ತರಬೇಕಾಯಿತು. ಪಿಪಿಇ ಕಿಟ್ ಸಾಲದೆ ಕೆಲವರು ರೇನ್‌ಕೋಟ್ ಹಾಕಿಕೊಂಡು ಡ್ಯೂಟಿ ಮಾಡಿದರು. ಆ ವರ್ಷ, ಅದರ ಮುಂದಿನ ವರ್ಷ ಸತ್ತ ನರ್ಸ್‌ಗಳ ಮನೆಯವರು ವಿಮೆಯ ಹಣಕ್ಕೆ ದಾಖಲೆ ಹಿಡಿದುಕೊಂಡು ಕಚೇರಿ ಸುತ್ತಿದರು. ಇದರಲ್ಲಿ ನಗುವಂಥದ್ದು ಏನೂ ಇಲ್ಲ. ವಿಡಂಬನೆ ಬರೆಯಲು ಕೂತವನಿಗೆ ಇಲ್ಲಿ ಕೈ ಏಳುವುದಿಲ್ಲ. ಪಕಳೆ ಗುಡಿಸಿದ್ದು ಯಾರು ಎಂಬುದೊಂದೇ ಪ್ರಶ್ನೆ ಉಳಿಯುತ್ತದೆ.

2022ರಲ್ಲಿ ಅದೇ ವಿಶ್ವ ಆರೋಗ್ಯ ಸಂಸ್ಥೆ ನಮ್ಮ ಆಶಾ ಕಾರ್ಯಕರ್ತೆಯರಿಗೆ ಜಾಗತಿಕ ಪ್ರಶಸ್ತಿ ಕೊಟ್ಟಿತು. ಇಡೀ ದೇಶ ಅಭಿನಂದಿಸಿತು. 2025ರ ಜನವರಿಯ ಚಳಿಯಲ್ಲಿ ಅವರು ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ಕೂತು ಗೌರವಧನ ಹೆಚ್ಚಿಸಿ ಅಂತ ಧರಣಿ ಮಾಡುತ್ತಿದ್ದರು. ಆಶಾಗಳು ನರ್ಸ್ ಅಲ್ಲ ಅಂತ ಯಾರಾದರೂ ತಿದ್ದಲು ಬರಬೇಡಿ, ಗೊತ್ತು. ಹೊಗಳಿಕೆಯ ಲೆಕ್ಕದಲ್ಲಿ ಇಬ್ಬರೂ ಒಂದೇ ಖಾತೆ.

ನಿಯಮಗಳು ಇಲ್ಲವೆಂದಲ್ಲ. ಭಾರತೀಯ ನರ್ಸಿಂಗ್ ಕೌನ್ಸಿಲ್ ಪ್ರಕಾರ ಬೋಧನಾ ಆಸ್ಪತ್ರೆಯಲ್ಲಿ 3 ರೋಗಿಗಳಿಗೆ ಒಬ್ಬರು, ಸಾಮಾನ್ಯ ಆಸ್ಪತ್ರೆಯಲ್ಲಿ 5 ರೋಗಿಗಳಿಗೆ ಒಬ್ಬರು ನರ್ಸ್ ಇರಬೇಕು. ನಿಮ್ಮ ಮನೆಯವರು ಯಾರಾದರೂ ಈಚೆಗೆ ಜನರಲ್ ವಾರ್ಡ್‌ನಲ್ಲಿ ಮಲಗಿದ್ದರೆ, ರಾತ್ರಿ ಎರಡು ಗಂಟೆಗೆ ಎಷ್ಟು ಮಂಚಕ್ಕೆ ಎಷ್ಟು ಸಿಸ್ಟರ್ ಇದ್ದರು ಅಂತ ನೀವೇ ಹೇಳಿ. ಸಂಬಳದ ಕತೆಯೂ ಹಾಗೇ. ಸುಪ್ರೀಂ ಕೋರ್ಟ್ 2016ರ ಜನವರಿಯಲ್ಲಿ ಹೇಳಿದ ಮೇಲೆ ಕೇಂದ್ರ ಒಂದು ಸಮಿತಿ ಮಾಡಿತು. 200ಕ್ಕಿಂತ ಜಾಸ್ತಿ ಹಾಸಿಗೆ ಇರುವ ಖಾಸಗಿ ಆಸ್ಪತ್ರೆ ಸರಕಾರಿ ನರ್ಸ್‌ಗಳಷ್ಟೇ ಸಂಬಳ ಕೊಡಬೇಕು, 50ಕ್ಕಿಂತ ಕಡಿಮೆ ಹಾಸಿಗೆಯ ಚಿಕ್ಕ ನರ್ಸಿಂಗ್ ಹೋಮ್ ಕೂಡ ತಿಂಗಳಿಗೆ 20,000 ರೂಪಾಯಿಗಿಂತ ಕಡಿಮೆ ಕೊಡಬಾರದು ಅಂತ ಸಮಿತಿ ಶಿಫಾರಸು ಮಾಡಿತು. ಅದನ್ನು ತೋರಿಸಿ ಕೇಳಿದರೆ ಬರುವ ಉತ್ತರ: 'ಸಿಸ್ಟರ್, ಅದು ಶಿಫಾರಸು, ಕಾನೂನಲ್ಲ.' ನಿಜ, ಅಲ್ವಾ? ರೋಗಿಗೆ ಮೂರು ಗಂಟೆಗೊಮ್ಮೆ ಬಿಪಿ ನೋಡಿ ಅಂತ ಡಾಕ್ಟರು ಬರೆಯುವುದೂ ಒಂದು ಥರ ಶಿಫಾರಸೇ. ಅದನ್ನು ಮಾತ್ರ ಯಾರೂ ಮೀರುವಂತಿಲ್ಲ.

ಹಾಗಾಗಿ ನಾನೂ ಒಂದು ಪ್ರಶಸ್ತಿ ಇಡೋಣ ಅಂತ ಇದ್ದೇನೆ. ನರ್ಸ್‌ಗಳಿಗಲ್ಲ, ಅವರಿಗೆ ಸಾಕಷ್ಟಾಗಿದೆ. ಆ ಸಂಬಳದ ಪಟ್ಟಿಯನ್ನು ಪೂರ್ತಿ ಪಾಲಿಸುವ ಖಾಸಗಿ ಆಸ್ಪತ್ರೆಗಳಿಗೆ. ಸಾಧನೆಯ ವಿವರ ಬೇಡ, ಹಳ್ಳದ ಫೋಟೋ ಬೇಡ. ಶಾಲು, ಹಾರ, ಹಣ್ಣಿನ ಬುಟ್ಟಿಯ ಖರ್ಚೆಲ್ಲ ನನ್ನದು. ಅರ್ಜಿಯ ಜೊತೆ ಯಾವುದಾದರೂ ಒಬ್ಬ ಸಿಸ್ಟರ್‌ನ ಹೋದ ತಿಂಗಳ ಪೇ ಸ್ಲಿಪ್ ಲಗತ್ತಿಸಿದರೆ ಸಾಕು.