ಮನವಿ ಪತ್ರದ ರಿಲೇ ಓಟ

ಡಿಸೆಂಬರ್ 3, ಅಂದರೆ ವಿಶ್ವ ಅಂಗವಿಕಲರ ದಿನ, ಇನ್ನೊಂದು ಸಲ ಬಂತು, ಹೋಯಿತು. ಆ ಫೋಟೊ ನಿಮಗೂ ಕಂಡಿರಬೇಕು. ಪ್ರತಿ ವರ್ಷ ಅದೇ ಫೋಟೊ, ಮುಖಗಳಷ್ಟೇ ಬೇರೆ. ನಡುವೆ ಒಂದು ಗಾಲಿಕುರ್ಚಿ. ಅದರಲ್ಲಿ ಒಬ್ಬ. ಅವನ ಸುತ್ತ ಹನ್ನೊಂದು ಜನ. ಕುರ್ಚಿಗೆ ಹಿಡಿಕೆ ಇರುವುದು ಎರಡೇ. ಹಾಗಾಗಿ ಉಳಿದವರು ಗಾಲಿ, ರೆಕ್ಸಿನ್, ಕೊನೆಗೆ ಕೂತವನ ಹೆಗಲು, ಹೀಗೆ ಸಿಕ್ಕಿದ್ದನ್ನು ಹಿಡಿದುಕೊಂಡು ನಿಂತಿದ್ದಾರೆ. ಅಷ್ಟೂ ಜನ ಒಂದೊಂದು ಬಾಂಡ್ಲಿ ಸಿಮೆಂಟು ಹೊತ್ತಿದ್ದರೆ ಮಧ್ಯಾಹ್ನದ ಊಟದೊಳಗೆ ಒಂದು ರ‍್ಯಾಂಪ್ ಎದ್ದು ನಿಲ್ಲುತ್ತಿತ್ತು.

ಕುರ್ಚಿಯ ಬೆನ್ನಿಗೆ ಸಾಹೇಬರ ನಗುಮುಖದ ಸ್ಟಿಕ್ಕರ್. ಕೂತವನಿಗೆ ಅದು ಕಾಣುವುದಿಲ್ಲ, ಹಿಂದಿನಿಂದ ತಳ್ಳುವವರಿಗೆ ಮಾತ್ರ ಕಾಣುತ್ತದೆ. ಓಟು ಇರುವುದು ತಳ್ಳುವವರ ಹತ್ತಿರ ಅಂತ ಸಾಹೇಬರ ಲೆಕ್ಕ ಇರಬೇಕು.

ಆ ಲೆಕ್ಕ ಪೂರ್ತಿ ತಪ್ಪೇನಲ್ಲ ಬಿಡಿ. 2011ರ ಜನಗಣತಿ ಪ್ರಕಾರ ದೇಶದಲ್ಲಿ ನಾವು ಅಂಗವಿಕಲರು 2.68 ಕೋಟಿ. ಕರ್ನಾಟಕದಲ್ಲೇ 13 ಲಕ್ಷಕ್ಕೂ ಜಾಸ್ತಿ. ಇಷ್ಟು ಜನ ಒಂದೇ ಜಾತಿಯವರಾಗಿದ್ದರೆ ಇಷ್ಟೊತ್ತಿಗೆ ನಮಗೊಂದು ಮಠ, ಒಬ್ಬ ಸ್ವಾಮೀಜಿ, ಒಂದು ಅಭಿವೃದ್ಧಿ ನಿಗಮ, ಸಂಪುಟದಲ್ಲಿ ಕಡಿಮೆ ಅಂದರೂ ಎರಡು ಕುರ್ಚಿ (ಗಾಲಿ ಇಲ್ಲದ್ದು) ಸಿಗುತ್ತಿತ್ತು. ನಮ್ಮ ತಪ್ಪು ಏನೆಂದರೆ ನಾವು ಎಲ್ಲ ಜಾತಿಯಲ್ಲೂ ಹುಟ್ಟಿಬಿಟ್ಟಿದ್ದೇವೆ. ಒಂದು ಸಮಾವೇಶ ಮಾಡಿ ಬಲ ತೋರಿಸೋಣ ಅಂದರೆ ಅದಕ್ಕೂ ಮೊದಲು ಬಸ್ಸು ಹತ್ತಬೇಕಲ್ಲ.

ನನ್ನದು ಪೋಲಿಯೊ ಕಾಲು. ಎಡಗಾಲಿಗೆ ಕ್ಯಾಲಿಪರ್, ಎರಡೂ ಕಂಕುಳಿಗೆ ಊರುಗೋಲು. ನಾನು ಆಗಾಗ ಹೋಗಬೇಕಾದ ಒಂದು ಕಚೇರಿಗೆ ಮೂರು ಮೆಟ್ಟಿಲು. ಕನ್ನಡಿಯಂಥ ಗ್ರಾನೈಟು. ಬೆಳಿಗ್ಗೆ ನೀರು ಹಾಕಿ ಒರೆಸಿದ ಮೇಲೆ ಊರುಗೋಲಿನ ರಬ್ಬರು ಅದರ ಮೇಲೆ ನಿಲ್ಲುವುದಿಲ್ಲ. ಹಾಗಂತ ಪಕ್ಕದಲ್ಲಿ ರ‍್ಯಾಂಪ್ ಇಲ್ಲ ಅನ್ನುವ ಹಾಗಿಲ್ಲ. ಇದೆ. ಒಂದು ಅಡಿ ಏರಬೇಕಾದರೆ ಹನ್ನೆರಡು ಅಡಿ ಉದ್ದ ಇರಬೇಕು ಅನ್ನುವುದು ಮಾರ್ಗಸೂಚಿ. ಇಲ್ಲಿ ಎರಡೇ ಅಡಿಯಲ್ಲಿ ಮುಗಿಸಿದ್ದಾರೆ. ಕೆಳಗೆ ಯಾರದೋ ಬೈಕು, ಮೇಲೆ ಬೀಗ ಹಾಕಿದ ಶಟರು. ಹತ್ತುವುದಂತೂ ಆಗದ ಮಾತು. ಆದರೆ ಜಾರಿ ಹೊರಗೆ ಬೀಳುವುದಕ್ಕೆ ಇಷ್ಟು ಅನುಕೂಲದ ವ್ಯವಸ್ಥೆ ಬೇರೆ ಕಡೆ ನೋಡಿಲ್ಲ. ಕಚೇರಿಯ ಸ್ವಭಾವ ತಿಳಿದವರೇ ಕಟ್ಟಿಸಿದ್ದಾರೆ.

ಈ ಮೂರು ಮೆಟ್ಟಿಲಿನ ಬಗ್ಗೆ 2022ರ ಕೊನೆಗೆ ಒಂದು ಮನವಿ ಬರೆದೆ. ನೀಟಾಗಿ ಟೈಪ್ ಮಾಡಿಸಿದೆ. ಜೊತೆಗೆ ಎರಡು ಫೋಟೊ. ಜನಪ್ರತಿನಿಧಿಗಳೊಬ್ಬರು ಬರುತ್ತಾರೆ ಅಂತ ಗೊತ್ತಾಗಿ ಎರಡು ಗಂಟೆ ಕಾದು ಕೊಟ್ಟೆ. ಆಗ ನೋಡಿದ್ದನ್ನು ಹೇಳಲೇಬೇಕು. ಸಾಹೇಬರು ಬಲಗೈಯಲ್ಲಿ ಕಾಗದ ತಗೊಂಡರು. ಕಣ್ಣು ಮುಂದಿನವನ ಮೇಲೆ, ನಗು ಅದರ ಮುಂದಿನವನಿಗೆ. ತಿರುಗಿ ನೋಡದೆ ಕೈಯನ್ನು ಹಿಂದಕ್ಕೆ ಚಾಚಿದರು. ಅಲ್ಲಿ ಪಿಎ ಕೈ ಮೊದಲೇ ಬಿಚ್ಚಿಕೊಂಡು ಕಾಯುತ್ತಿತ್ತು. ಪಿಎ ಇನ್ನೊಬ್ಬನಿಗೆ ದಾಟಿಸಿದರು. ಅವನು ಕಾರಿನ ಹಿಂದಿನ ಗಾಜಿನ ಹತ್ತಿರ, ಟಿಶ್ಯೂ ಡಬ್ಬಿ ಪಕ್ಕ ಇಟ್ಟ. ಎಲ್ಲ ಸೇರಿ ನಾಲ್ಕು ಸೆಕೆಂಡು. ಒಂದು ಸಲವೂ ಕೈ ತಪ್ಪಲಿಲ್ಲ. ಇವರನ್ನು ಒಲಿಂಪಿಕ್ಸ್ ರಿಲೇಗೆ ಯಾಕೆ ಕಳಿಸುವುದಿಲ್ಲವೋ! ಬ್ಯಾಟನ್ ಕೊನೆಗೆ ಎಲ್ಲಿ ಹೋಯಿತು ಅಂತ ಮಾತ್ರ ಯಾರೂ ಕೇಳಬಾರದು.

ಮರುದಿನ ಪೇಪರಿನಲ್ಲಿ ಬಂತು, ‘ಮನವಿ ಸ್ವೀಕರಿಸಿ ಸೂಕ್ತ ಕ್ರಮದ ಭರವಸೆ ನೀಡಿದರು’. ಸಾಹೇಬರು ನನ್ನ ಹತ್ತಿರ ಆಡಿದ್ದು ಒಂದೇ ಮಾತು, “ಊಟ ಆಯ್ತಾ?”

ಒಲಿಂಪಿಕ್ಸ್ ಅಂದಾಗ ನೆನಪಾಯಿತು. ನಮ್ಮ ಹಾಸನದ ಕಡೆಯ ಎಚ್.ಎನ್. ಗಿರೀಶ 2012ರ ಲಂಡನ್ ಪ್ಯಾರಾಲಿಂಪಿಕ್ಸ್‌ನಲ್ಲಿ 1.74 ಮೀಟರ್ ಎತ್ತರ ಜಿಗಿದು ಬೆಳ್ಳಿ ತಂದರು. 2024ರಲ್ಲಿ ಪ್ಯಾರಿಸ್‌ನಿಂದ ಒಟ್ಟು 29 ಪದಕ ಬಂತು. ಅಭಿನಂದನೆಯ ಟ್ವೀಟುಗಳಿಗೆ ಲೆಕ್ಕವೇ ಇರಲಿಲ್ಲ. ಮೊನ್ನೆ ಮೊನ್ನೆಯವರೆಗೆ ನಮ್ಮ ಕಡೆ ತಿರುಗದ ಕುತ್ತಿಗೆಗಳೆಲ್ಲ ಒಮ್ಮೆಲೇ ತಿರುಗಿದವು. ನನಗೆ ಒಳಗೊಳಗೇ ಹೆದರಿಕೆ. ಒಬ್ಬ ಒಂದೂಮುಕ್ಕಾಲು ಮೀಟರ್ ಜಿಗಿದ ಅಂದ ಮೇಲೆ, ನಿಮಗೆ ಮೂರು ಮೆಟ್ಟಿಲಿಗೆ ರ‍್ಯಾಂಪ್ ಯಾಕ್ರೀ ಅಂತ ಯಾರಾದರೂ ಕೇಳಿಬಿಟ್ಟರೆ?

ಹಾಗಂತ ಸರ್ಕಾರಗಳು ಏನೂ ಮಾಡಿಲ್ಲ ಅಂದರೆ ಪಾಪ ಬರುತ್ತದೆ. ಹೆಸರು ಕೊಟ್ಟಿವೆ. ಅಂಗವಿಕಲ ಅಂತಿದ್ದೆವು, ವಿಕಲಚೇತನರಾದೆವು. ಅದು ಸರಿಯಿಲ್ಲ ಅಂತ ವಿಶೇಷಚೇತನರಾದೆವು. 2015ರ ಡಿಸೆಂಬರ್‌ನ ಮನ್ ಕೀ ಬಾತ್‌ನಲ್ಲಿ ಪ್ರಧಾನಿಗಳು ದಿವ್ಯಾಂಗ ಅಂದರು. ಪ್ರತಿ ಸಲ ಬೋರ್ಡು ಹೊಸದಾಯಿತು, ಬೋರ್ಡಿನ ಕೆಳಗಿನ ಮೆಟ್ಟಿಲು ಹಳೆಯದೇ. ದಿವ್ಯಾಂಗ ಅಂದರೆ ನಮ್ಮಲ್ಲಿ ದೇವರ ಅಂಶ ಬಂತು ಅಂತಾಯಿತು. ಮೊದಮೊದಲು ಖುಷಿಯಾಗಿತ್ತು. ಆಮೇಲೆ ಅರ್ಥವಾಯಿತು, ದೇವರನ್ನೂ ಒಳಗೇ ಕೂರಿಸಿ ಬಾಗಿಲು ಹಾಕಿ ವರ್ಷಕ್ಕೊಂದು ದಿನ ಉತ್ಸವಕ್ಕೆ ಹೊರಗೆ ತರುತ್ತಾರೆ. ಶಾಲು, ಹಾರ, ಫೋಟೊ. ಮತ್ತೆ ಗುಡಿಯೊಳಗೆ.

ಕಾನೂನೂ ಇದೆ. 1995ರದ್ದು ಒಂದು, ಅದರ ಜಾಗಕ್ಕೆ 2016ರದ್ದು ಇನ್ನೊಂದು. ಮೊದಲು ಏಳು ಬಗೆಯ ಅಂಗವೈಕಲ್ಯ ಇದ್ದದ್ದು ಇಪ್ಪತ್ತೊಂದಾಯಿತು. ನಿಯಮ ಬಂದ ಐದು ವರ್ಷದೊಳಗೆ ಹಳೆಯ ಸಾರ್ವಜನಿಕ ಕಟ್ಟಡಗಳನ್ನೆಲ್ಲ ಸರಿಮಾಡಬೇಕು ಅಂತ ಅದರಲ್ಲೇ ಬರೆದಿದೆ. ನಿಯಮ ಬಂದದ್ದು 2017ರ ಜೂನ್‌ನಲ್ಲಿ. 2022ರ ಜೂನ್‌ಗೆ ಗಡುವು ಮುಗಿಯಿತು. ಯಾರಿಗಾದರೂ ಗೊತ್ತಾಯಿತಾ? ಯಾವ ಸದನದ ಬಾವಿಗಾದರೂ ಯಾರಾದರೂ ಇಳಿದರಾ? 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಎಲ್ಲ ನೋಡಿ ಕೇಂದ್ರ ಸರ್ಕಾರಕ್ಕೆ, ನೀವು ನಿಯಮದಲ್ಲಿ ಬರೆದಿರುವುದು ಸಲಹೆ, ಕಡ್ಡಾಯವಾಗಿ ಪಾಲಿಸಬೇಕಾದ್ದನ್ನು ಬರೆಯಿರಿ, ಮೂರು ತಿಂಗಳು ಟೈಮು ಅಂತ ಹೇಳಬೇಕಾಯಿತು. ಕೇಂದ್ರದಿಂದ ಬರುವ ಅಂಗವಿಕಲರ ಪಿಂಚಣಿ ಪಾಲು ತಿಂಗಳಿಗೆ 300 ರೂಪಾಯಿ, 2012ರಿಂದ. ಅದೂ ಶೇ 80 ವೈಕಲ್ಯ ಮತ್ತು ಬಡತನ ಎರಡೂ ಒಟ್ಟಿಗೆ ಇದ್ದರೆ. ತಮಾಷೆ ಮಾಡೋಣ ಅಂತಲೇ ಬರೆಯಲು ಕೂತಿದ್ದೆ. ಈ ಮುನ್ನೂರರ ಬಗ್ಗೆ ನನಗೆ ತಮಾಷೆ ಹೊಳೆಯುತ್ತಿಲ್ಲ. ಅದನ್ನು ತರಲು ಆಟೊದಲ್ಲಿ ಹೋಗಿ ಬರುವ ಹೆಂಗಸರನ್ನು ನೋಡಿದ್ದೇನೆ. ಕಾಲು ಇಲ್ಲದವರನ್ನು ಹೊಸ ಸರ್ಟಿಫಿಕೇಟ್ ತನ್ನಿ ಅಂತ ವಾಪಸ್ ಕಳಿಸಿದ್ದನ್ನೂ ನೋಡಿದ್ದೇನೆ. ಈ ನಡುವೆ ಚಿಗುರಿರಬಹುದು ಅಂತ ಅನುಮಾನವಾ? ಸಾಕಾಗಿದೆ.

ಇರಲಿ. 2024ರ ಏಪ್ರಿಲ್‌ನ ಕಥೆ ಒಂದು ಬಾಕಿ ಇದೆ. ಲೋಕಸಭೆ ಚುನಾವಣೆಗೆ ಶೇ 40 ಅಥವಾ ಅದಕ್ಕಿಂತ ಜಾಸ್ತಿ ಅಂಗವೈಕಲ್ಯ ಇದ್ದವರು ಮನೆಯಿಂದಲೇ ಓಟು ಹಾಕಬಹುದು ಅಂದಿದ್ದರು. ಅದಕ್ಕೆ ಬೇಕಾದ 12ಡಿ ಫಾರಂ ತುಂಬಿ ಕೊಟ್ಟೆ. ಕೊರಿಯರ್ ಹುಡುಗರಿಗೇ ಸಿಗದ ಮನೆ ನನ್ನದು. ಇವರು ಹೇಳಿದ ದಿನ ಬಂದೇಬಿಟ್ಟರು. ಇಬ್ಬರು ಅಧಿಕಾರಿಗಳು, ಒಬ್ಬ ಪೊಲೀಸ್, ವಿಡಿಯೊ ಮಾಡುವ ಹುಡುಗ. ನನ್ನ ಹೆಂಡತಿಯ ಹೊಲಿಗೆ ಮಿಷನ್ ಮೇಲೆ ರಟ್ಟಿನ ಮರೆ ನಿಲ್ಲಿಸಿದರು. “ಆರಾಮಾಗಿ ಹಾಕಿ ಸಾರ್, ಅವಸರ ಏನಿಲ್ಲ” ಅಂದರು. ಸರ್ಕಾರದವರು ನನಗೆ ಹಾಗಂದದ್ದು ಅದೇ ಮೊದಲು.

ಅವರಲ್ಲಿ ಒಬ್ಬರು ಆ ಗ್ರಾನೈಟ್ ಮೆಟ್ಟಿಲಿನ ಕಚೇರಿಯವರೇ. ನನ್ನ ಗುರುತು ಹಿಡಿದರು. “ಓ, ಮೆಟ್ಟಿಲಿನ ಮನವಿ ನಿಮ್ಮದೇ ಅಲ್ವಾ? ಪರಿಶೀಲನೆಯಲ್ಲಿದೆ ಸಾರ್” ಅಂದರು.

ಹೊರಡುವಾಗ ನಮ್ಮ ಹೊಸ್ತಿಲಿಗೆ ಎಡವಿದರು. ಹೆಬ್ಬೆರಳು ನೀವಿಕೊಳ್ಳುತ್ತಾ, “ಇದು ಎತ್ತರ ಜಾಸ್ತಿ ಆಯ್ತು ಸಾರ್, ಸ್ವಲ್ಪ ತಗ್ಗಿಸಿ, ಯಾರಾದರೂ ಬಿದ್ದಾರು” ಅಂದರು.

ಒಂದು ಮನವಿ ಬರೆದು ಕೊಡಿ ಅಂದೆ.